ಪರಸ್ಥಳದ ಲೋಟ

ವಸತಿಗೃಹದ ಕೋಣೆಯನ್ನು ಹೊಕ್ಕವರು ಮೊದಲು ಪರೀಕ್ಷಿಸುವುದು ಹಾಸಿಗೆಯನ್ನು. ಹೊದಿಕೆಯನ್ನು ಎತ್ತಿ ನೋಡುತ್ತಾರೆ, ದಿಂಬನ್ನು ತಿರುವಿ ಹಾಕುತ್ತಾರೆ; ಗೃಹಿಣಿಯರಾದರೆ ಸ್ನಾನದ ಮನೆಯ ಬಾಗಿಲನ್ನು ತೆರೆದು ಮೂಗು ಮುರಿಯುವುದೂ ಉಂಟು. ಇಷ್ಟೆಲ್ಲ ತಪಾಸಣೆ ಮುಗಿದ ಮೇಲೆ, ದಾರಿಯ ದಣಿವಿನಿಂದ ಬಾಯಿ ಒಣಗಿರುವುದರಿಂದ, ಮೇಜಿನ ಮೇಲೆ ಬೋರಲು ಹಾಕಿಟ್ಟ ಗಾಜಿನ ಲೋಟವನ್ನು ತೆಗೆದುಕೊಂಡು, ಯಾವ ವಿಚಾರವನ್ನೂ ಮಾಡದೆ ನೀರು ಕುಡಿದುಬಿಡುತ್ತಾರೆ. ಮೈಗೆ ತಾಕುವ ಹಾಸಿಗೆಯ ವಿಷಯದಲ್ಲಿ ಅಷ್ಟು ಎಚ್ಚರ, ತುಟಿಗೆ ತಾಕುವ ಲೋಟದ ವಿಷಯದಲ್ಲಿ ಇಷ್ಟು ನಂಬಿಕೆ! ಇದಕ್ಕೆ ಕಾರಣ ಒಂದೇ. ಲೋಟ ಹೊಳೆಯುತ್ತಿರುತ್ತದೆ.

ಹೊಳಪು ಶುಚಿಗೆ ಸಾಕ್ಷಿಯೇ? ಮನೆಯಲ್ಲಾದರೆ ಈ ಪ್ರಶ್ನೆ ಏಳುವುದಿಲ್ಲ. ಲೋಟವನ್ನು ಯಾರು ತೊಳೆದರು, ಎಲ್ಲಿ ತೊಳೆದರು, ಯಾವ ನೀರಿನಿಂದ ತೊಳೆದರು, ಯಾವ ಬಟ್ಟೆಯಿಂದ ಒರೆಸಿದರು ಎಂಬುದೆಲ್ಲ ನಮ್ಮ ಕಣ್ಣೆದುರಿಗೇ ನಡೆಯುತ್ತದೆ. ಪರಸ್ಥಳದ ಲೋಟದ ಬಗ್ಗೆ ಈ ನಾಲ್ಕು ಪ್ರಶ್ನೆಗಳಲ್ಲಿ ಒಂದಕ್ಕೂ ನಮ್ಮಲ್ಲಿ ಉತ್ತರವಿರುವುದಿಲ್ಲ. ಹಾಗಿದ್ದರೂ ಕುಡಿಯುತ್ತೇವೆ. ಮಕ್ಕಳಿಗೂ ಕುಡಿಸುತ್ತೇವೆ.

ನಮ್ಮ ಹಿರಿಯರಿಗೆ ಈ ಸಮಸ್ಯೆಯೇ ಇರಲಿಲ್ಲ. ಚಚಡಿ, ಮುರಗೋಡ, ಬೈಲಹೊಂಗಲಗಳ ಕಡೆಯಿಂದ ಹುಣ್ಣಿಮೆಗೆ ಸವದತ್ತಿಯ ಎಲ್ಲಮ್ಮನ ಗುಡ್ಡಕ್ಕೆ ಚಕ್ಕಡಿ ಹೂಡಿಕೊಂಡು ಹೊರಟವರು ರೊಟ್ಟಿಯ ಬುತ್ತಿಯೊಡನೆ ತಮ್ಮ ತಂಬಿಗೆ, ಚರಿಗೆಗಳನ್ನೂ ಕಟ್ಟಿಕೊಂಡೇ ಹೋಗುತ್ತಿದ್ದರು. ಇಳಿದಲ್ಲಿ ಒಲೆ ಹೂಡಿ ಅಡಿಗೆ ಮಾಡುವವರಿಗೆ ಪರರ ಪಾತ್ರೆಯ ಹಂಗೇಕೆ? ಒಂದು ವೇಳೆ ಇನ್ನೊಬ್ಬರ ತಂಬಿಗೆಯಿಂದ ಕುಡಿಯುವ ಪ್ರಸಂಗ ಬಂದರೂ ಅದನ್ನು ತುಟಿಗೆ ತಾಗಿಸದೆ ಎತ್ತಿ ಕುಡಿಯುವುದು ಬಾಲ್ಯದಿಂದಲೇ ಬಂದ ಅಭ್ಯಾಸವಾಗಿತ್ತು. ಮೊದಮೊದಲು ಮೂಗಿಗೂ ಕೊರಳಿಗೂ ನೀರು ಸುರಿದುಕೊಂಡು, ಹಿರಿಯರಿಂದ ನಗೆಪಾಟಲಿಗೆ ಈಡಾಗಿ, ಕಡೆಗೆ ಒಂದು ಹನಿಯೂ ಚೆಲ್ಲದಂತೆ ಕುಡಿಯುವುದನ್ನು ಮಕ್ಕಳು ಕಲಿಯುತ್ತಿದ್ದರು.

ಅಂದಿನ ಕಾಯಿದೆಯೂ ಈ ರೂಢಿಗೆ ಅನುಗುಣವಾಗಿಯೇ ಇತ್ತು. ಬ್ರಿಟಿಷ್ ಸರಕಾರವು 1867ರಲ್ಲಿ ಸರಾಯಿಗಳ ಕಾಯಿದೆಯನ್ನು ಜಾರಿಗೆ ತಂದಿತು. ಸರಾಯಿ ಎಂದರೆ ಸಾರಾಯಿಯಲ್ಲ. ಪ್ರವಾಸಿಗಳು ಇಳಿದುಕೊಳ್ಳುವ ಛತ್ರ. ಕೋಣೆ, ಪಡಸಾಲೆ, ಚರಂಡಿಗಳನ್ನೂ ಜನರಿಗೆ ಮತ್ತು ದನಕರುಗಳಿಗೆ ನೀರೊದಗಿಸುವ ಬಾವಿ, ಕೆರೆಗಳನ್ನೂ ಶುಚಿಯಾಗಿಡುವುದು ಛತ್ರದವನ ಕರ್ತವ್ಯವೆಂದು ಆ ಕಾಯಿದೆ ವಿಧಿಸಿತು. ಬಾವಿಯಿಂದ ನೀರು ಶುದ್ಧವಾಗಿ ಬಂದರೆ ಸಾಕು. ಅದನ್ನು ಕುಡಿಯುವ ಪಾತ್ರೆ ಪ್ರವಾಸಿಯ ಗಂಟಿನಲ್ಲಿಯೇ ಇರುತ್ತಿತ್ತು.

ಮನೆಯಲ್ಲಿ ಆ ಪಾತ್ರೆಯನ್ನು ಬೆಳಗುತ್ತಿದ್ದ ಕ್ರಮವನ್ನೂ ನೆನೆಯತಕ್ಕದ್ದು. ಒಲೆಯ ಬೂದಿಯಿಂದಲೋ ಹುಣಸೆಹಣ್ಣಿನಿಂದಲೋ ಚೆನ್ನಾಗಿ ತಿಕ್ಕಿ, ಎರಡು ಮೂರು ಸಲ ಹೊಸ ನೀರಿನಿಂದ ಗಲಬರಿಸಿ, ಬಿಸಿಲಿನಲ್ಲಿ ಡಬ್ಬು ಹಾಕುತ್ತಿದ್ದರು. ತಿಕ್ಕುವುದು, ತೊಳೆಯುವುದು, ಬಟ್ಟೆ ಮುಟ್ಟಿಸದೆ ಒಣಗಿಸುವುದು. ಇಂದು ಆರೋಗ್ಯಶಾಸ್ತ್ರದ ಪುಸ್ತಕಗಳು ಹೇಳುವ ವಿಧಾನವು ಇದಕ್ಕಿಂತ ಬಹಳ ಬೇರೆಯಾದುದೇನಲ್ಲ.

ಆದರೆ ಈ ಎಂಜಲಿನ ವಿವೇಕ ನಮ್ಮಲ್ಲಿ ಸರಿಯಾದ ದಾರಿಯಲ್ಲಿಯೇ ಉಳಿಯಲಿಲ್ಲ ಎಂಬುದನ್ನು ಹೇಳದೆ ಹೋದರೆ ಅರ್ಧ ಮಾತು ಮುಚ್ಚಿಟ್ಟಂತೆ. ಲೋಟದ ಶುಚಿಯನ್ನು ನೋಡುವ ಬದಲು ಕುಡಿಯುವವನ ಜಾತಿಯನ್ನು ನೋಡಿದರು. ಹಳ್ಳಿಯ ಚಹಾದಂಗಡಿಗಳಲ್ಲಿ ದಲಿತರಿಗೆಂದು ಬೇರೆ ಕಪ್ಪು, ಬೇರೆ ಲೋಟ ಇಡುವ ಪದ್ಧತಿ ಬಂದಿತು. ಕುಡಿದವನೇ ಅದನ್ನು ತೊಳೆದು ಮತ್ತೆ ಅದೇ ಮೂಲೆಯಲ್ಲಿ ಇಡಬೇಕಾಗಿತ್ತು. ಉಳಿದವರ ಕಪ್ಪು ಬಸಿಗಳನ್ನೋ ಒಂದೇ ಬಕೆಟ್ಟಿನ ಕದಡಿದ ನೀರಿನಲ್ಲಿ ಅದ್ದಿ ತೆಗೆದು, ಅದೇ ಕೈಯಿಂದ ಮುಂದಿನವನಿಗೆ ಚಹಾ ಕೊಡುತ್ತಿದ್ದರು. ಸೂಕ್ಷ್ಮದರ್ಶಕದ ಅಡಿಯಲ್ಲಿ ಇಟ್ಟು ನೋಡಿದ್ದರೆ ಈ ಎರಡರಲ್ಲಿ ಯಾವುದು ಹೆಚ್ಚು ಶುಚಿ ಎಂದು ತೀರ್ಪು ಬರುತ್ತಿತ್ತೆಂಬುದನ್ನು ವಾಚಕರೇ ಊಹಿಸಿಕೊಳ್ಳಬಹುದು.

ಈ ಅನ್ಯಾಯದ ವಿರುದ್ಧ 1955ರಲ್ಲಿ ಸಂಸತ್ತು ಅಸ್ಪೃಶ್ಯತಾ ಅಪರಾಧಗಳ ಕಾಯಿದೆಯನ್ನು ಅಂಗೀಕರಿಸಿತು. 1976ರಿಂದ ಅದಕ್ಕೆ ನಾಗರಿಕ ಹಕ್ಕುಗಳ ಸಂರಕ್ಷಣಾ ಕಾಯಿದೆ ಎಂಬ ಹೆಸರು. ಅದರ 4ನೆಯ ಕಲಮಿನಲ್ಲಿ ಹೋಟೆಲು, ಧರ್ಮಶಾಲೆ, ಸರಾಯಿಗಳೊಳಗೆ ಸಾರ್ವಜನಿಕರಿಗಾಗಿ ಇಟ್ಟ ಪಾತ್ರೆಗಳ ಪ್ರಸ್ತಾಪವೇ ಇದೆ. ಅಸ್ಪೃಶ್ಯತೆಯ ನೆಪದಿಂದ ಅವುಗಳ ಬಳಕೆಗೆ ಅಡ್ಡಿಪಡಿಸುವುದು ಅಪರಾಧ. ಬಾವಿಯ ಬಗ್ಗೆ ಮಾತ್ರ ಯೋಚಿಸಿದ್ದ ಕಾಯಿದೆ ಎಂಬತ್ತೆಂಟು ವರುಷಗಳಲ್ಲಿ ಲೋಟದವರೆಗೆ ಬಂದಿತು. ಆದರೂ ಪ್ರತ್ಯೇಕ ಲೋಟದ ದೂರುಗಳು ಇಂದಿಗೂ ಅಲ್ಲಲ್ಲಿಂದ ಪತ್ರಿಕೆಗಳಲ್ಲಿ ಬರುತ್ತಲೇ ಇವೆ ಎಂಬುದು ನಾಚಿಕೆಯ ಸಂಗತಿ.

ಹಾಗಾದರೆ ಲೋಟದಿಂದ ನಿಜವಾಗಿ ಭಯಪಡಬೇಕಾದುದು ಯಾವುದಕ್ಕೆ? ಈ ಪ್ರಶ್ನೆಯನ್ನು ವಿಜ್ಞಾನದ ದೃಷ್ಟಿಯಿಂದ ಕೇಳಿದವರಲ್ಲಿ ಅಮೆರಿಕದ ಆಲ್ವಿನ್ ಡೇವಿಸನ್ ಎಂಬ ಪ್ರಾಧ್ಯಾಪಕರು ಪ್ರಮುಖರು. ಆ ಕಾಲದಲ್ಲಿ ಅಲ್ಲಿಯ ಶಾಲೆಗಳಲ್ಲಿಯೂ ರೈಲುಗಾಡಿಗಳಲ್ಲಿಯೂ ನೀರಿನ ಪೀಪಾಯಿಯ ಪಕ್ಕದಲ್ಲಿ ಎಲ್ಲರಿಗೂ ಒಂದೇ ಬಟ್ಟಲನ್ನು ತೂಗುಹಾಕಿರುತ್ತಿದ್ದರು. ಒಬ್ಬನು ಕುಡಿದಿಟ್ಟುದರಲ್ಲಿ ಇನ್ನೊಬ್ಬನು ತೊಳೆಯದೆ ಕುಡಿಯುತ್ತಿದ್ದನು. ಶಾಲೆಯ ಬಟ್ಟಲುಗಳನ್ನು ಪರೀಕ್ಷಿಸಿದ ಡೇವಿಸನ್ 1908ರಲ್ಲಿ ಅವುಗಳ ಮೇಲೆ ಕಂಡ ಜೀವಾಣುಗಳ ವಿಷಯವಾಗಿ ಲೇಖನ ಬರೆದು ಜನರನ್ನು ಎಚ್ಚರಿಸಿದರು. ಮರುವರುಷ, 1909ರಲ್ಲಿ, ಕಾನ್ಸಾಸ್ ಸಂಸ್ಥಾನದ ಆರೋಗ್ಯಾಧಿಕಾರಿ ಸ್ಯಾಮ್ಯುಯೆಲ್ ಕ್ರಂಬೈನ್ ಅವರ ಪ್ರಯತ್ನದಿಂದ ಅಲ್ಲಿ ಸಾರ್ವಜನಿಕ ಬಟ್ಟಲಿಗೆ ನಿಷೇಧ ಬಂದಿತು. ರೈಲಿನಲ್ಲಿ ಕ್ಷಯರೋಗಿಗಳು ಕುಡಿದ ಬಟ್ಟಲಿನಲ್ಲಿಯೇ ಇತರರು ಕುಡಿಯುವುದನ್ನು ಕಂಡು ಅವರ ಮನಸ್ಸು ಕಲಕಿತ್ತು. ಒಂದು ಸಲ ಕುಡಿದು ಬಿಸಾಡುವ ಕಾಗದದ ಲೋಟ ಜಗತ್ತಿನಲ್ಲಿ ಬಳಕೆಗೆ ಬಂದದ್ದು ಈ ಚಳವಳಿಯಿಂದಲೇ.

ಅವರ ಭಯದಲ್ಲಿ ಒಂದು ಅಂಶವನ್ನು ಇಂದಿನ ವೈದ್ಯಶಾಸ್ತ್ರ ತಿದ್ದಿದೆ. ಕ್ಷಯ ಹರಡುವುದು ರೋಗಿಯ ಕೆಮ್ಮಿನಿಂದ ಗಾಳಿಗೆ ಸೇರುವ ಕಣಗಳ ಮೂಲಕ. ಅವನು ಕುಡಿದ ಲೋಟದ ಮೂಲಕ ಅಲ್ಲ. ಏಡ್ಸ್ ರೋಗದ ವಿಷಾಣುವೂ ಲೋಟದಿಂದ ಹರಡುವುದಿಲ್ಲ. ಆದುದರಿಂದ ಇಂಥ ರೋಗಿಗಳ ಲೋಟವನ್ನು ಬೇರೆ ಇಟ್ಟು, ಅವರನ್ನು ಮನೆಯೊಳಗೇ ಪರಕೀಯರನ್ನಾಗಿ ಮಾಡುವುದಕ್ಕೆ ಯಾವ ಆಧಾರವೂ ಇಲ್ಲ. ಚೆನ್ನಾಗಿ ತೊಳೆದ ಲೋಟ ಯಾರದಾದರೂ ಒಂದೇ.

ಭಯಪಡಬೇಕಾದ ರೋಗಗಳು ಬೇರೆ ಇವೆ. ವಾಂತಿಭೇದಿಯನ್ನು ಉಂಟುಮಾಡುವ ನೊರೊವೈರಸ್ಸು, ಕಾಮಾಲೆಯ ಒಂದು ಬಗೆಯಾದ ಹೆಪಟೈಟಿಸ್ ಎ, ಆಮಶಂಕೆ, ವಿಷಮಶೀತಜ್ವರ ಇವೆಲ್ಲ ಶೌಚದಿಂದ ಕೈಗೆ, ಕೈಯಿಂದ ಬಾಯಿಗೆ ಸಾಗುವಂಥವು. ಇದನ್ನು ಚೆನ್ನಾಗಿ ಗಮನಿಸಬೇಕು. ಹಿಂದಿನ ಅತಿಥಿಯ ತುಟಿಗಿಂತಲೂ ಅಪಾಯಕರವಾದುದು ಶೌಚಗೃಹವನ್ನು ಒರೆಸಿದ ಬಟ್ಟೆ ಮತ್ತು ಅದನ್ನು ಹಿಡಿದ ಕೈ. ಅದೇ ಬಟ್ಟೆ ಲೋಟದೊಳಗೆ ಒಂದು ಸುತ್ತು ತಿರುಗಿದರೆ ಲೋಟ ಮೊದಲಿಗಿಂತ ಹೆಚ್ಚು ಹೊಳೆಯುತ್ತದೆ. ಮೊದಲಿಗಿಂತ ಹೆಚ್ಚು ಹೊಲಸೂ ಆಗಿರುತ್ತದೆ.

ಇದು ಬರಿಯ ಶಂಕೆಯಲ್ಲ. 2018ರ ನವೆಂಬರ ತಿಂಗಳಿನಲ್ಲಿ ಚೀನಾ ದೇಶದ ಪ್ರವಾಸಿಯೊಬ್ಬನು ಅಲ್ಲಿಯ 14 ಉಚ್ಚ ದರ್ಜೆಯ ಹೋಟೆಲುಗಳ ಕೋಣೆಗಳಲ್ಲಿ ಗುಪ್ತವಾಗಿ ಕ್ಯಾಮೆರಾ ಇಟ್ಟು, ಲೋಟ ಬಟ್ಟಲುಗಳನ್ನು ಸಿಬ್ಬಂದಿಯವರು ಹೇಗೆ ಶುಚಿಮಾಡುತ್ತಾರೆಂಬುದನ್ನು ಚಿತ್ರಿಸಿ ಪ್ರಕಟಿಸಿದನು. ಬಳಸಿದ ಟವೆಲಿನಿಂದಲೂ ಸ್ನಾನದ ಮನೆಯನ್ನು ಒರೆಸುವ ಬಟ್ಟೆಯಿಂದಲೂ ಲೋಟಗಳನ್ನು ಒರೆಸಿ ಮೇಜಿನ ಮೇಲೆ ಇಡುವ ದೃಶ್ಯಗಳು ಅದರಲ್ಲಿದ್ದವು. ಹೋಟೆಲುಗಳು ಕ್ಷಮೆ ಕೇಳಿದವು, ಅಧಿಕಾರಿಗಳು ತನಿಖೆ ನಡೆಸಿದರು. ಅವೆಲ್ಲ ಒಂದು ರಾತ್ರಿಗೆ ದೊಡ್ಡ ಮೊತ್ತವನ್ನು ತೆಗೆದುಕೊಳ್ಳುವ ಹೋಟೆಲುಗಳು. ಅದಕ್ಕೂ ಮೊದಲು ಅಮೆರಿಕದ ದೂರದರ್ಶನದವರೂ ಇಂಥವೇ ಚಿತ್ರಗಳನ್ನು ತೋರಿಸಿದ್ದರು. ಬಾಡಿಗೆ ಹೆಚ್ಚಾದ ಮಾತ್ರಕ್ಕೆ ಲೋಟ ಶುಚಿಯಾಗುವುದಿಲ್ಲ ಎಂಬುದು ಇದರಿಂದ ಸಿದ್ಧವಾಯಿತು.

ಇಲ್ಲಿ ಸಿಟ್ಟು ಯಾರ ಮೇಲೆ ಬರಬೇಕು? ಬಟ್ಟೆ ಹಿಡಿದವರ ಮೇಲೆ ಬರುವುದು ಸುಲಭ. ಆದರೆ ಲೆಕ್ಕ ಹಾಕಿ ನೋಡಿ. ಎಂಟು ತಾಸಿನ ಪಾಳಿಯಲ್ಲಿ ಒಬ್ಬಾಕೆ ಹದಿನೈದು ಕೋಣೆಗಳನ್ನು ಸಿದ್ಧಪಡಿಸಬೇಕಾದರೆ ಒಂದು ಕೋಣೆಗೆ ದೊರೆಯುವುದು ಮೂವತ್ತೆರಡು ನಿಮಿಷ. ಊಟವೂ ವಿಶ್ರಾಂತಿಯೂ ಅದರಲ್ಲಿಯೇ ಕಳೆಯಬೇಕು. ಹಾಸಿಗೆಯ ಹೊದಿಕೆ ಬದಲಿಸಬೇಕು, ಕಸ ಗುಡಿಸಬೇಕು, ನೆಲ ಒರೆಸಬೇಕು, ಸ್ನಾನದ ಮನೆ ತೊಳೆಯಬೇಕು. ಇವೆಲ್ಲದರ ನಡುವೆ ಎರಡು ಲೋಟಗಳು. ಕೋಣೆಯಲ್ಲಿ ಪಾತ್ರೆ ತೊಳೆಯುವ ಸ್ಥಳವಿರುವುದಿಲ್ಲ. ಇರುವುದು ಮುಖ ತೊಳೆಯುವ ಬೇಸಿನ್ನು. ಸಾಬೂನು ಕೊಟ್ಟಿಲ್ಲ, ಬಿಸಿನೀರು ಕೊಟ್ಟಿಲ್ಲ, ಬದಲಿಗೆ ಇಡಲು ಬೇರೆ ಲೋಟ ಕೊಟ್ಟಿಲ್ಲ. ಕೈಯಲ್ಲಿರುವುದು ಒಂದು ಬಟ್ಟೆ ಮಾತ್ರ. ಅವಳು ಮಾಡಿದ್ದನ್ನು ಆ ಪರಿಸ್ಥಿತಿಯಲ್ಲಿ ನಾವು ನೀವೂ ಮಾಡುತ್ತಿದ್ದೆವೇನೋ. ತಪ್ಪು ಕೈಯದಲ್ಲ, ಏರ್ಪಾಡಿನದು.

ಶುಚಿಗೊಳಿಸುವ ಕೆಲಸವನ್ನು ಕೀಳೆಂದು ತಿಳಿದ ಸಮಾಜದಲ್ಲಿ ಆ ಕೆಲಸಕ್ಕೆ ಸಮಯವೂ ಸಾಮಗ್ರಿಯೂ ಕಡಿಮೆಯೇ ದೊರೆಯುತ್ತವೆ. ನಮ್ಮ ಬೆಳಗಾವಿ ಜಿಲ್ಲೆಯಲ್ಲಿಯೇ ಇದಕ್ಕೆ ವಿರುದ್ಧವಾದ ಒಂದು ದೊಡ್ಡ ಉದಾಹರಣೆ ನಡೆದುಹೋಗಿದೆ. 1924ರ ಡಿಸೆಂಬರಿನಲ್ಲಿ ಗಾಂಧೀಜಿಯವರ ಅಧ್ಯಕ್ಷತೆಯಲ್ಲಿ ಬೆಳಗಾವಿಯಲ್ಲಿ ಕಾಂಗ್ರೆಸ್ ಅಧಿವೇಶನ ಜರುಗಿದಾಗ, ಗಂಗಾಧರರಾವ ದೇಶಪಾಂಡೆಯವರು ಅದರ ಹೊಣೆ ಹೊತ್ತಿದ್ದರು. ನೀರಿಗಾಗಿ ಟಿಳಕವಾಡಿಯಲ್ಲಿ ಬಾವಿಯನ್ನೇ ತೋಡಿಸಿದರು. ಶಿಬಿರದ ಶೌಚಗೃಹಗಳನ್ನು ಶುಚಿಗೊಳಿಸುವ ಕೆಲಸವನ್ನು ಕಾಕಾ ಕಾಲೇಲಕರರೂ ಅವರ ಸ್ವಯಂಸೇವಕರೂ ತಾವಾಗಿ ವಹಿಸಿಕೊಂಡರು. ಸಾವಿರಾರು ಜನ ಸೇರಿದಲ್ಲಿ ಶುಚಿತ್ವವು ತಾನಾಗಿ ಆಗುವ ಕೆಲಸವಲ್ಲ, ಅದಕ್ಕೆ ಜನ, ನೀರು, ಸಮಯ ಮತ್ತು ಗೌರವ ನಾಲ್ಕೂ ಬೇಕೆಂಬುದನ್ನು ಅವರು ಬಲ್ಲವರಾಗಿದ್ದರು. ಇಪ್ಪತ್ತು ಕೋಣೆಗಳ ವಸತಿಗೃಹಕ್ಕೂ ಇದೇ ಮಾತು ಸಲ್ಲುತ್ತದೆ.

ಹಾಗಾದರೆ ಸರಿಯಾದ ಏರ್ಪಾಡು ಯಾವುದು? ಒಂದೇ ವಾಕ್ಯದಲ್ಲಿ ಹೇಳಬೇಕಾದರೆ, ಕೋಣೆಯ ಲೋಟವನ್ನು ಕೋಣೆಯಲ್ಲಿ ತೊಳೆಯಲೇಬಾರದು. ಹಾಸಿಗೆಯ ಹೊದಿಕೆಯನ್ನು ಯಾರಾದರೂ ಕೋಣೆಯಲ್ಲಿಯೇ ಒಗೆದು ಹಾಸುತ್ತಾರೆಯೇ? ಹಳೆಯದು ಹೊರಗೆ ಹೋಗುತ್ತದೆ, ಒಗೆದದ್ದು ಒಳಗೆ ಬರುತ್ತದೆ. ಲೋಟಕ್ಕೂ ಅದೇ ನಿಯಮವಾಗಲಿ. ಒಂದು ಕೋಣೆಗೆ ಎರಡು ಲೋಟಗಳ ಬದಲು ನಾಲ್ಕು ಇದ್ದರೆ ಸಾಕು. ಬಳಸಿದ ಎರಡು ಅಡಿಗೆಮನೆಗೆ ಹೋಗಲಿ, ತೊಳೆದ ಎರಡು ಕೋಣೆಗೆ ಬರಲಿ. ಮಾಲಿಕನಿಗೆ ತಗಲುವ ಹೆಚ್ಚಿನ ಖರ್ಚು ಕೋಣೆಗೆ ಎರಡು ಲೋಟದ್ದು, ಅವುಗಳನ್ನಿಡುವ ಒಂದು ಬುಟ್ಟಿಯದು, ಮತ್ತು ತೊಳೆಯುವವರ ಸ್ವಲ್ಪ ಸಮಯದ್ದು.

ಅಡಿಗೆಮನೆಯಲ್ಲಿ ಮಾಡಬೇಕಾದುದು ಇಷ್ಟು. ಮೊದಲು ಬಿಸಿನೀರು ಮತ್ತು ಸಾಬೂನಿನಿಂದ ತಿಕ್ಕಿ ತೊಳೆಯಬೇಕು. ಬಳಿಕ ಹರಿಯುವ ನೀರಿನಲ್ಲಿ ಸಾಬೂನು ಹೋಗುವಂತೆ ಗಲಬರಿಸಬೇಕು. ಮೂರನೆಯದಾಗಿ, 77 ಡಿಗ್ರಿ ಸೆಲ್ಸಿಯಸ್‌ಗೆ ಕಡಿಮೆಯಿಲ್ಲದ ಬಿಸಿನೀರಿನಲ್ಲಿ 30 ಸೆಕೆಂಡುಗಳ ಕಾಲ ಮುಳುಗಿಸಬೇಕು. ಅಷ್ಟು ಬಿಸಿನೀರಿನ ಅನುಕೂಲವಿಲ್ಲದಲ್ಲಿ ಕ್ಲೋರಿನ್ ನೀರನ್ನು ಬಳಸಬಹುದು. ಶೇಕಡಾ 4ರ ಬಲದ ಸೋಡಿಯಂ ಹೈಪೊಕ್ಲೋರೈಟ್ ದ್ರಾವಣದ 20 ಮಿಲಿಲೀಟರನ್ನು 16 ಲೀಟರು ನೀರಿಗೆ ಬೆರೆಸಿದರೆ ಲೀಟರಿಗೆ ಸುಮಾರು 50 ಮಿಲಿಗ್ರಾಮು ಕ್ಲೋರಿನ್ ದೊರೆಯುತ್ತದೆ. ಅದರಲ್ಲಿ ಲೋಟವನ್ನು ಒಂದು ನಿಮಿಷ ಮುಳುಗಿಸಿಟ್ಟರೆ ಸಾಕು. ಕಡೆಯದಾಗಿ, ಬಟ್ಟೆಯಿಂದ ಒರೆಸದೆ ಜಾಲರಿಯ ಮೇಲೆ ಡಬ್ಬು ಹಾಕಿ ಗಾಳಿಗೆ ಒಣಗಿಸಬೇಕು. ಹೀಗೆ ಒಣಗಿದ ಗಾಜಿನ ಮೇಲೆ ನೀರಿನ ಹನಿಯ ಮಸುಕು ಕಲೆಗಳು ಉಳಿಯಬಹುದು. ನಮ್ಮ ಕಡೆಯ ಗಡಸು ನೀರಿನಲ್ಲಿ ಅದು ಸಹಜ. ಆ ಕಲೆಗೆ ಅಂಜಬೇಕಾದುದಿಲ್ಲ. ತುಟಿಯ ಗುರುತಿಗೂ ಬಟ್ಟೆಯ ವಾಸನೆಗೂ ಅಂಜಬೇಕು.

ತಾಮ್ರದ ಲೋಟವಿಟ್ಟರೆ ಈ ರಗಳೆಯೇ ಇಲ್ಲವಲ್ಲ ಎನ್ನುವವರಿದ್ದಾರೆ. ತಾಮ್ರದ ಗುಣ ಸುಳ್ಳಲ್ಲ. ಬೆಂಗಳೂರಿನ ಸಂಶೋಧಕರು 2012ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಕಾಲರಾ, ವಿಷಮಶೀತಜ್ವರ ಮೊದಲಾದವುಗಳ ಜೀವಾಣುಗಳನ್ನು ಬೆರೆಸಿದ ನೀರನ್ನು ತಾಮ್ರದ ಕೊಡದಲ್ಲಿಟ್ಟಾಗ ಅವು ನಾಶವಾದುದು ಕಂಡುಬಂದಿತು. ಆದರೆ ಆ ನೀರನ್ನು ಕೊಡದಲ್ಲಿ ಇಟ್ಟದ್ದು 16 ತಾಸು! ಬಂದವನು ನೀರು ಸುರುವಿಕೊಂಡು ಕುಡಿಯುವ ಅರ್ಧ ನಿಮಿಷದಲ್ಲಿ ತಾಮ್ರವಾದರೂ ಏನು ಮಾಡೀತು? ತೊಳೆಯುವ ಕೆಲಸವನ್ನು ಲೋಹಕ್ಕೆ ವಹಿಸಿಕೊಡುವಂತಿಲ್ಲ.

ಬಿಸಾಡುವ ಲೋಟಗಳೂ ಪೂರ್ಣ ಪರಿಹಾರವಲ್ಲ. ಪ್ಲಾಸ್ಟಿಕ್ ಲೋಟಗಳನ್ನು ಕರ್ನಾಟಕ ಸರಕಾರ 2016ರಲ್ಲಿಯೂ, ಕೇಂದ್ರ ಸರಕಾರ 2022ರ ಜುಲೈ 1ರಿಂದ ದೇಶದಾದ್ಯಂತವೂ ನಿಷೇಧಿಸಿವೆ. ಕಾಗದದ ಲೋಟದ ಒಳಮೈಗೆ ಸಾಮಾನ್ಯವಾಗಿ ಪ್ಲಾಸ್ಟಿಕ್ಕಿನ ತೆಳು ಲೇಪವಿರುತ್ತದೆ. ತಣ್ಣೀರಿಗೆ ಹೇಗೋ ನಡೆದೀತು. ಕುದಿಯುವ ಚಹಾಕ್ಕೆ ಅದು ತಕ್ಕುದಲ್ಲ. ಮೇಲಾಗಿ ಎಲ್ಲಮ್ಮನ ಗುಡ್ಡದಂಥ ಯಾತ್ರಾಸ್ಥಳದಲ್ಲಿ ಲಕ್ಷಾಂತರ ಜನ ಒಂದೊಂದು ಲೋಟ ಬಿಸಾಡಿದರೆ ಆ ಕಸವನ್ನು ಎತ್ತಬೇಕಾದವರು ಮತ್ತೆ ಅದೇ ಬಡವರು.

ಅತಿಥಿಗಳಾದ ನಮ್ಮ ಕರ್ತವ್ಯವೂ ಇದೆ. ಹಲ್ಲುಜ್ಜುವ ಕುಂಚವನ್ನು ನೀರಿನ ಲೋಟದಲ್ಲಿ ನಿಲ್ಲಿಸುವವರು, ಕಟ್ಟಿಸಿದ ಹಲ್ಲುಗಳನ್ನು ರಾತ್ರಿ ಅದರಲ್ಲಿ ನೆನೆಯಿಡುವವರು, ತಲೆಗೆ ಹಚ್ಚುವ ಬಣ್ಣವನ್ನು ಕಲಸುವವರು, ಸಿಗರೇಟಿನ ಬೂದಿ ಕೊಡಹುವವರು ಎಲ್ಲರೂ ಮರ್ಯಾದಸ್ಥರೇ. ತಮ್ಮ ಮನೆಯ ಲೋಟಕ್ಕೆ ಹೀಗೆ ಮಾಡಲಾರರು. ನಮ್ಮ ಬಳಿಕ ಈ ಕೋಣೆಗೆ ಒಂದು ಕುಟುಂಬ ಬರಲಿದೆ, ಅದರಲ್ಲಿ ಒಂದು ಮಗುವೂ ಇರಬಹುದು ಎಂಬ ನೆನಪು ಇರತಕ್ಕದ್ದು.

ಪ್ರವಾಸಕ್ಕೆ ಹೊರಡುವ ಕುಟುಂಬಗಳಿಗೆ ನಾಲ್ಕು ಸುಲಭವಾದ ಸೂಚನೆಗಳನ್ನು ಕೊಡಬಹುದು. ಮನೆಯಿಂದ ಒಂದೆರಡು ಸ್ಟೀಲಿನ ಲೋಟಗಳನ್ನು ಒಯ್ಯಿರಿ. ಅಜ್ಜಿಯ ತಂಬಿಗೆಗೆ ಇದ್ದ ಸ್ಥಾನವನ್ನು ಅವಕ್ಕೆ ಕೊಡಿರಿ. ಕೋಣೆಯ ಲೋಟವನ್ನೇ ಬಳಸಬೇಕಾದರೆ ಅದನ್ನು ಬೆಳಕಿಗೆ ಹಿಡಿದು ನೋಡಿರಿ, ಮೂಸಿಯೂ ನೋಡಿರಿ. ಸಂಶಯ ಬಂದರೆ ಸಾಬೂನಿನಿಂದ ತೊಳೆದು ಬಿಸಿನೀರು ಹಾಕಿರಿ. ಕುದಿಯುವ ನೀರನ್ನು ಒಮ್ಮೆಲೆ ಸುರಿದರೆ ಗಾಜು ಸೀಳೀತು, ಆದುದರಿಂದ ಮೊದಲು ಉಗುರು ಬೆಚ್ಚಗಿನ ನೀರಿನಿಂದ ಕಾಯಿಸಿರಿ. ಮಕ್ಕಳಿಗೆ ಎತ್ತಿ ಕುಡಿಯುವುದನ್ನು ಕಲಿಸಿರಿ. ಅಂಗಿ ನೆನೆದರೆ ನೆನೆಯಲಿ. ಮತ್ತು ಲೋಟದ ಮೇಲೆ ಮುಚ್ಚಿದ ಕಾಗದದ ಟೋಪಿಯನ್ನು ಕಂಡು ಮೋಸಹೋಗಬೇಡಿರಿ. ಅದು ಧೂಳನ್ನು ತಡೆದೀತೇ ಹೊರತು ಒಳಗಿನ ಕಥೆಯನ್ನು ಹೇಳುವುದಿಲ್ಲ.

ಇವೆಲ್ಲಕ್ಕಿಂತ ಮುಖ್ಯವಾದದ್ದು ಒಂದು ಪ್ರಶ್ನೆ. ಕೋಣೆ ಹಿಡಿಯುವಾಗ ಬಾಡಿಗೆ ಎಷ್ಟು, ಬಿಸಿನೀರು ಎಷ್ಟು ಹೊತ್ತಿಗೆ ಬರುತ್ತದೆ, ವಾಹನ ಎಲ್ಲಿ ನಿಲ್ಲಿಸಬೇಕು ಎಂದು ಕೇಳುತ್ತೇವೆ. ಅದರೊಡನೆ, ಕೆಲಸದವರನ್ನು ಗದರಿಸದೆ, ಮ್ಯಾನೇಜರರಿಗೇ ಕೇಳಿರಿ: “ನೀರಿನ ಲೋಟಗಳನ್ನು ಎಲ್ಲಿ ತೊಳೆಯುತ್ತೀರಿ?” ಒಬ್ಬರು ಕೇಳಿದರೆ ಅವರು ನಕ್ಕಾರು. ವಾರಕ್ಕೆ ಹತ್ತು ಜನ ಕೇಳತೊಡಗಿದರೆ ಲೋಟಗಳ ಬುಟ್ಟಿಯೊಂದನ್ನು ಕೊಂಡುಕೊಳ್ಳುತ್ತಾರೆ.